ಮಾರ್ಪಡಿಸಿದ ಆಫ್-ರೋಡ್ ವಾಹನಗಳ ನೋಂದಣಿ ಮತ್ತು ತಪಾಸಣೆ

ಮಾರ್ಪಡಿಸಿದ ಆಫ್-ರೋಡ್ ವಾಹನವೆಂದರೆ ಗುಡ್ಡ, ಕೆಸರು, ಹಳ್ಳಗಳಲ್ಲಿ ಓಡಿಸುವ ಉದ್ದೇಶದಿಂದ ಮೂಲ ರಚನೆಯನ್ನು ಬದಲಾಯಿಸಿಕೊಂಡ ಜೀಪು ಅಥವಾ ಅಂಥದೇ ನಾಲ್ಕು ಚಕ್ರ ಚಾಲನೆಯ ವಾಹನ. ಭಾರತದಲ್ಲಿ ಇವುಗಳ ನೋಂದಣಿ ಮತ್ತು ತಪಾಸಣೆಯು ಮುಖ್ಯವಾಗಿ ಮೋಟಾರು ವಾಹನಗಳ ಕಾಯ್ದೆ, 1988 ಹಾಗೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ಒಳಪಟ್ಟಿದೆ. ಇವೆರಡೂ 1989ರ ಜುಲೈ 1ರಿಂದ ಜಾರಿಯಲ್ಲಿವೆ. ಕರ್ನಾಟಕದಲ್ಲಿ ಇವುಗಳ ಜೊತೆಗೆ ಕರ್ನಾಟಕ ಮೋಟಾರು ವಾಹನಗಳ ನಿಯಮಗಳು, 1989 ಮತ್ತು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ, 1957 ಅನ್ವಯಿಸುತ್ತವೆ.

ಈ ವಿಧಿಗಳ ತಿರುಳು ಒಂದೇ: ರಸ್ತೆಯ ಮೇಲಿರುವ ವಾಹನವೂ ನೋಂದಣಿ ಪ್ರಮಾಣಪತ್ರದಲ್ಲಿ (ಆರ್.ಸಿ.) ವರ್ಣಿಸಲಾದ ವಾಹನವೂ ಒಂದೇ ಆಗಿರಬೇಕು. ಆರ್.ಸಿ.ಯನ್ನು ನಂಬಿಯೇ ವಿಮಾ ಕಂಪನಿ ವಿಮೆ ಕೊಡುತ್ತದೆ, ಹೊಸ ಮಾಲೀಕ ವಾಹನ ಕೊಳ್ಳುತ್ತಾನೆ, ಅಪಘಾತವಾದರೆ ತನಿಖೆ ನಡೆಯುತ್ತದೆ. ಆದುದರಿಂದ ಈ ಹೊಂದಿಕೆ ತಪ್ಪಿದಾಗ ನಷ್ಟ ಮಾಲೀಕನೊಬ್ಬನಿಗೇ ಸೀಮಿತವಾಗುವುದಿಲ್ಲ.

ಪರಿಭಾಷೆ

ಕಾಯ್ದೆಯ ಮೂರು ಪದಗಳ ಅರ್ಥ ತಿಳಿದರೆ ಉಳಿದ ವಿಧಿಗಳು ಸುಲಭವಾಗುತ್ತವೆ.

ಮೋಟಾರು ವಾಹನ: ಕಲಂ 2ರ ಪ್ರಕಾರ, ರಸ್ತೆಯಲ್ಲಿ ಬಳಸಲು ಅಳವಡಿಸಲಾದ, ಯಂತ್ರಶಕ್ತಿಯಿಂದ ಚಲಿಸುವ ಯಾವುದೇ ವಾಹನ. ಹಳಿಯ ಮೇಲೆ ಓಡುವ ವಾಹನಗಳನ್ನೂ, ಕಾರ್ಖಾನೆ ಅಥವಾ ಇತರ ಆವರಣದೊಳಗೆ ಮಾತ್ರ ಬಳಸಲು ರೂಪಿಸಿದ ವಿಶೇಷ ವಾಹನಗಳನ್ನೂ ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಬೊಮ್ಮಸಂದ್ರದ ಕಾರ್ಖಾನೆಯೊಂದರ ಗೋದಾಮಿನೊಳಗೆ ಮಾತ್ರ ಓಡಾಡುವಂತೆ ರೂಪಿಸಿದ ಯಂತ್ರವಾಹನವನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ರಸ್ತೆಗಾಗಿಯೇ ತಯಾರಾಗಿ ನೋಂದಣಿಯಾದ ಜೀಪನ್ನು ಮಾಲೀಕ ವಾರಾಂತ್ಯದಲ್ಲಿ ಮಾತ್ರ ಗುಡ್ಡದಲ್ಲಿ ಓಡಿಸಿದರೂ ಅದು ಮೋಟಾರು ವಾಹನವಾಗಿಯೇ ಉಳಿಯುತ್ತದೆ.

ಸಾರ್ವಜನಿಕ ಸ್ಥಳ: ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಇತರ ಸ್ಥಳ. ಅದು ಹಾದುಹೋಗುವ ಮಾರ್ಗವೇ ಆಗಿರಬೇಕೆಂದಿಲ್ಲ. ಡಾಂಬರು ಹಾಕಿರಬೇಕೆಂದೂ ಇಲ್ಲ. ಊರಿನ ಬಂಡಿದಾರಿಯೂ ಕೆರೆ ಏರಿಯ ಮೇಲಿನ ದಾರಿಯೂ ಜನರಿಗೆ ತೆರೆದಿದ್ದರೆ ಈ ವ್ಯಾಖ್ಯೆಗೆ ಒಳಪಡುತ್ತವೆ. ಕಲಂ 39ರಂತೆ ಸಾರ್ವಜನಿಕ ಸ್ಥಳದಲ್ಲಿ ನೋಂದಣಿಯಿಲ್ಲದ ವಾಹನವನ್ನು ಓಡಿಸುವಂತಿಲ್ಲ. ಅರಣ್ಯದೊಳಗಿನ ದಾರಿಗಳಿಗೆ ಇದರ ಜೊತೆಗೆ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳ ನಿರ್ಬಂಧವೂ ಇದೆ.

ಮಾರ್ಪಾಡು: ಕಲಂ 52ರ ವಿವರಣೆಯಂತೆ, ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡಿದ ಬದಲಾವಣೆ. ಆಸನದ ಹೊದಿಕೆ ಬದಲಾಯಿಸುವುದು ಮಾರ್ಪಾಡಲ್ಲ. ಚಾಸಿಸ್ ಕತ್ತರಿಸಿ ಬೆಸುಗೆ ಹಾಕುವುದು ನಿಸ್ಸಂಶಯವಾಗಿ ಮಾರ್ಪಾಡು. ಇವೆರಡರ ನಡುವಿನ ವಿಶಾಲ ಪ್ರದೇಶದಲ್ಲಿಯೇ ಹೆಚ್ಚಿನ ವಿವಾದಗಳು ಹುಟ್ಟುತ್ತವೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಭಾರತಕ್ಕೆ ಬಂದ ವಿಲ್ಲಿಸ್ ಜೀಪುಗಳು ಮತ್ತು ಅವುಗಳ ಮಾದರಿಯಲ್ಲಿ ಮಹೀಂದ್ರಾ ಕಂಪನಿ ತಯಾರಿಸಿದ ಜೀಪುಗಳು ಕೊಡಗು ಮತ್ತು ಮಲೆನಾಡಿನ ತೋಟಗಳಲ್ಲಿ ಬಹುಕಾಲ ದುಡಿದಿವೆ. ಕಾಫಿ ಮೂಟೆ, ಗೊಬ್ಬರ ಹಾಗೂ ಕೆಲಸಗಾರರನ್ನು ಸಾಗಿಸಲು ಬೇರೆ ವಾಹನ ಹತ್ತದ ದಾರಿಗಳಲ್ಲಿ ಇವುಗಳೇ ಆಧಾರವಾಗಿದ್ದವು. ಬಿಡಿಭಾಗ ಸಿಗದಿದ್ದಾಗ ಬೇರೆ ವಾಹನದ ಎಂಜಿನ್ ಅಥವಾ ಗೇರ್‌ಬಾಕ್ಸ್ ಕೂರಿಸುವ ಪದ್ಧತಿ ಆ ಅನಿವಾರ್ಯದಿಂದಲೇ ಬೆಳೆಯಿತು. ಅಂದಿನ ಮಾರ್ಪಾಡು ಬಹುಮಟ್ಟಿಗೆ ದುರಸ್ತಿಯ ಮುಂದುವರಿಕೆಯಾಗಿತ್ತು.

1985ರಲ್ಲಿ ಮಾರುತಿ ಜಿಪ್ಸಿ, 2010ರಲ್ಲಿ ಮಹೀಂದ್ರಾ ಥಾರ್, 2020ರಲ್ಲಿ ಥಾರ್‌ನ ಹೊಸ ಪೀಳಿಗೆ ಮತ್ತು 2023ರಲ್ಲಿ ಮಾರುತಿ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ಇದು ನಗರವಾಸಿಗಳ ಹವ್ಯಾಸವೂ ಆಯಿತು. ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟೈರು, ಕಬ್ಬಿಣದ ಬಂಪರು, ವಾಹನ ಎಳೆಯುವ ವಿಂಚ್, ಎತ್ತರದಿಂದ ಗಾಳಿ ಎಳೆದುಕೊಳ್ಳುವ ಸ್ನಾರ್ಕೆಲ್, ಹೆಚ್ಚುವರಿ ದೀಪಗಳು ಈ ಹವ್ಯಾಸದ ಸಾಮಾನ್ಯ ಅಂಗಗಳು.

ಕಾನೂನಿನ ಬೆಳವಣಿಗೆ

1988ರ ಮೂಲ ಕಾಯ್ದೆ ಮಾರ್ಪಾಡನ್ನು ಸಂಪೂರ್ಣ ನಿಷೇಧಿಸಿರಲಿಲ್ಲ. ಮಾಲೀಕನು ನೋಂದಣಿ ಪ್ರಾಧಿಕಾರಕ್ಕೆ ಸೂಚನೆ ಕೊಟ್ಟು ಅನುಮೋದನೆ ಪಡೆದರೆ ಬದಲಾವಣೆ ಮಾಡಬಹುದಿತ್ತು. ಬಿಡಿ ಉಪಕರಣಗಳ ಜೋಡಣೆಯಿಂದ ಖಾಲಿ ವಾಹನದ ತೂಕ ಶೇ. 2ನ್ನು ಮೀರದಷ್ಟು ಬದಲಾದರೆ ಅನುಮೋದನೆಯೂ ಬೇಕಿರಲಿಲ್ಲ.

2000ದ ತಿದ್ದುಪಡಿಯು ಈ ಕಲಮಿನ ದೃಷ್ಟಿಯನ್ನೇ ಬದಲಿಸಿತು. ಆರ್.ಸಿ.ಯಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಬಾರದು ಎಂಬುದು ಹೊಸ ನಿಯಮವಾಯಿತು. ಅಳತೆಗೋಲು ಅಧಿಕಾರಿಯ ಅನುಮತಿಯಿಂದ ತಯಾರಕರ ವಿನ್ಯಾಸಕ್ಕೆ ಸರಿಯಿತು. ಬೇರೆ ಇಂಧನ ಬಳಸಲು ಪರಿವರ್ತನಾ ಕಿಟ್ ಅಳವಡಿಸುವುದಕ್ಕೆ ಮಾತ್ರ ಷರತ್ತುಬದ್ಧ ವಿನಾಯಿತಿ ಉಳಿಯಿತು.

ಈ ಕಲಮಿನ ವ್ಯಾಪ್ತಿಯ ಪ್ರಶ್ನೆ ಕೇರಳದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಪ್ರಾದೇಶಿಕ ಸಾರಿಗೆ ಅಧಿಕಾರಿ ಮತ್ತು ಕೆ. ಜಯಚಂದ್ರ ನಡುವಿನ ಈ ಪ್ರಕರಣದಲ್ಲಿ ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ನ್ಯಾಯಮೂರ್ತಿ ವಿನೀತ್ ಶರಣ್ ಅವರ ಪೀಠವು 2019ರ ಜನವರಿ 9ರಂದು ತೀರ್ಪು ನೀಡಿತು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು, ರಾಜ್ಯದ ನಿಯಮಗಳು ಕಾಯ್ದೆಗೆ ಅಧೀನವಾಗಿಯೇ ನಡೆಯಬೇಕು ಎಂದು ಪೀಠ ಹೇಳಿತು.

ಅದೇ ವರ್ಷದ ತಿದ್ದುಪಡಿ ಕಾಯ್ದೆಯು ಕಲಂ 52ಕ್ಕೆ ಕೆಲವು ಅಂಶಗಳನ್ನು ಸೇರಿಸಿತು. ಮಾರ್ಪಾಡು ಮತ್ತು ಮರುಜೋಡಣೆಗೆ ಬೇಕಾದ ಮಾನದಂಡಗಳನ್ನೂ ಅನುಮೋದನೆಯ ಷರತ್ತುಗಳನ್ನೂ ರೂಪಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ನಿರ್ದಿಷ್ಟ ಉದ್ದೇಶಕ್ಕಾಗಿ ವಿನಾಯಿತಿಯನ್ನೂ ಅದು ಕೊಡಬಹುದು. ಅಂಗವಿಕಲರ ಬಳಕೆಗಾಗಿ ವಾಹನವನ್ನು ಮೊದಲು ಮಾರ್ಪಡಿಸಿ ಬಳಿಕ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಲು ಅವಕಾಶವಿದೆ. ಕೈಯಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ನಿಯಂತ್ರಿಸುವ ವ್ಯವಸ್ಥೆ ಇದಕ್ಕೆ ಉದಾಹರಣೆ.

ಮಾರ್ಪಾಡುಗಳ ವರ್ಗೀಕರಣ

ಮೂಲ ರಚನೆಗೆ ಧಕ್ಕೆಯಾಗದ ಬದಲಾವಣೆಗಳು: ಆಸನದ ಹೊದಿಕೆ, ನೆಲಹಾಸು, ಧ್ವನಿವ್ಯವಸ್ಥೆ, ಎಳೆಯುವ ಹಗ್ಗ ಮತ್ತು ಸಲಕರಣೆ ಇಡುವ ಪೆಟ್ಟಿಗೆ, ತಯಾರಕರು ಆಯಾ ಮಾದರಿಗೆ ಅನುಮೋದಿಸಿದ ಅಳತೆಯ ಟೈರು.

ದಾಖಲೆಯಲ್ಲಿ ನಮೂದಿಸಬೇಕಾದ ಬದಲಾವಣೆಗಳು: ಬಣ್ಣ ಬದಲಾವಣೆ, ಅನುಮೋದಿತ ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್, ಎ.ಐ.ಎಸ್.-123 ಮಾನದಂಡಕ್ಕೆ ಒಳಪಟ್ಟ ವಿದ್ಯುತ್ ಪರಿವರ್ತನಾ ಕಿಟ್, ಕೆಟ್ಟುಹೋದ ಎಂಜಿನ್ನಿನ ಬದಲಿಗೆ ಅದೇ ತಯಾರಕರ ಅದೇ ಮಾದರಿಯ ಎಂಜಿನ್.

ಅನುಮತಿಯಿಲ್ಲದ ಬದಲಾವಣೆಗಳು: ಚಾಸಿಸ್ ಕತ್ತರಿಸುವುದು ಅಥವಾ ಉದ್ದಗೊಳಿಸುವುದು, ಅನುಮೋದಿತ ಮಾದರಿಯಲ್ಲಿಲ್ಲದ ಬೇರೆ ಎಂಜಿನ್ ಕೂರಿಸುವುದು, ಬಾಡಿಯ ಸ್ವರೂಪ ಬದಲಿಸುವುದು, ಆಸನಗಳ ಸಂಖ್ಯೆ ಹೆಚ್ಚಿಸುವುದು, ಶಬ್ದ ಹೆಚ್ಚಿಸುವ ಸೈಲೆನ್ಸರ್, ಕರ್ಕಶವಾದ ಬಹುಸ್ವರದ ಹಾರ್ನ್. ಕಬ್ಬಿಣದ ಬುಲ್ ಬಾರ್ ಅಳವಡಿಕೆಯು ಕಲಂ 52ರ ಉಲ್ಲಂಘನೆಯೆಂದು ತಿಳಿಸಿ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು.

ನಿರ್ಬಂಧಗಳ ಹಿಂದಿನ ಕಾರಣ

ವಾಹನವನ್ನು ಎತ್ತರಿಸಿದಾಗ ಅದರ ಗುರುತ್ವ ಕೇಂದ್ರ ಮೇಲೇರುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರ ಹಾಗೆಯೇ ಉಳಿದರೆ ತಿರುವಿನಲ್ಲಿ ವಾಹನ ಮಗುಚುವ ಸಂಭವ ಹೆಚ್ಚುತ್ತದೆ. ಕೆಸರಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಚೆನ್ನಾಗಿ ನಡೆಯುವ ಅದೇ ಜೀಪು ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲಿ ಒಮ್ಮೆಲೇ ಪಕ್ಕಕ್ಕೆ ತಿರುಗಬೇಕಾದಾಗ ಅಪಾಯಕಾರಿಯಾಗುತ್ತದೆ.

ಟೈರಿನ ವ್ಯಾಸ ಶೇ. 10ರಷ್ಟು ಹೆಚ್ಚಿದರೆ, ಚಕ್ರದ ಸುತ್ತುಗಳನ್ನು ಎಣಿಸಿ ವೇಗ ತೋರಿಸುವ ಸ್ಪೀಡೋಮೀಟರ್ 60 ಎಂದು ತೋರಿಸುವಾಗ ನಿಜವಾದ ವೇಗ ಸುಮಾರು 66 ಆಗಿರುತ್ತದೆ. ಚಕ್ರದ ತ್ರಿಜ್ಯ ಹೆಚ್ಚಿದಂತೆ ಅದೇ ಬ್ರೇಕ್ ನೆಲಕ್ಕೆ ಒದಗಿಸುವ ತಡೆಬಲ ಕಡಿಮೆಯಾಗುತ್ತದೆ. ಹೀಗೆ ಚಾಲಕನು ತನಗೆ ತಿಳಿಯದೆಯೇ ಹೆಚ್ಚು ವೇಗದಲ್ಲಿರುತ್ತಾನೆ ಮತ್ತು ನಿಲ್ಲಿಸಲು ಹೆಚ್ಚು ದೂರ ಬೇಕಾಗುತ್ತದೆ.

ಡಿಕ್ಕಿಯಾದಾಗ ಮುಂಭಾಗ ಕುಸಿದು ಆಘಾತವನ್ನು ಹೀರಿಕೊಳ್ಳುವಂತೆ ಆಧುನಿಕ ವಾಹನಗಳನ್ನು ರೂಪಿಸಿರುತ್ತಾರೆ. ಗಟ್ಟಿ ಕಬ್ಬಿಣದ ಬಂಪರು ಆ ಆಘಾತವನ್ನು ನೇರವಾಗಿ ಚಾಸಿಸ್ಸಿಗೆ ದಾಟಿಸಬಹುದು. ಏರ್‌ಬ್ಯಾಗ್ ತೆರೆದುಕೊಳ್ಳುವ ಕ್ಷಣವನ್ನೂ ಕೆಡಿಸಬಹುದು. ಪಾದಚಾರಿಗೆ ಮತ್ತು ದ್ವಿಚಕ್ರ ವಾಹನ ಸವಾರರಿಗೆ ಅದರಿಂದಾಗುವ ಪೆಟ್ಟು ಇನ್ನೂ ಭೀಕರ. ಎತ್ತರದಲ್ಲಿ ಕಟ್ಟಿದ ಪ್ರಖರ ದೀಪಗಳು ಎದುರಿನ ಚಾಲಕರ ಕಣ್ಣು ಕೋರೈಸುತ್ತವೆ. ಇಂಥ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರಲ್ಲಿ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದರು.

ಅನುಮೋದನೆಯ ಕ್ರಮ

ಹೊಸ ಮಾದರಿಯ ವಾಹನ ಮಾರುಕಟ್ಟೆಗೆ ಬರುವ ಮುನ್ನ ನಿಯಮ 126ರಂತೆ ಅಧಿಕೃತ ಪರೀಕ್ಷಾ ಸಂಸ್ಥೆಯಲ್ಲಿ ಉತ್ತೀರ್ಣವಾಗಬೇಕು. ಪುಣೆಯ ಎ.ಆರ್.ಎ.ಐ., ಮಾನೇಸರದ ಐ.ಸಿ.ಎ.ಟಿ., ಚೆನ್ನೈ ಸಮೀಪದ ಓರಗಡಂನಲ್ಲಿರುವ ಜಿ.ಎ.ಆರ್.ಸಿ. ಇಂಥ ಸಂಸ್ಥೆಗಳು. ಗ್ಯಾರೇಜಿನಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದರೂ ಆ ಕೆಲಸಕ್ಕೆ ಇಂಥ ಪರೀಕ್ಷೆಯ ಆಧಾರವಿರುವುದಿಲ್ಲ ಎಂಬುದು ಕಾನೂನಿನ ದೃಷ್ಟಿಯಲ್ಲಿ ಮುಖ್ಯ ಕೊರತೆ.

ಅನುಮತಿಸಬಹುದಾದ ಮಾರ್ಪಾಡಿಗೆ ಮಾಲೀಕನು ಸಾರಿಗೆ ಇಲಾಖೆಯ ವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ, ತಾನು ವಾಸಿಸುವ ಪ್ರದೇಶದ ಸಾರಿಗೆ ಕಚೇರಿಗೆ ವಾಹನವನ್ನು ಹಾಜರುಪಡಿಸಬೇಕು. ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣೆ ಪ್ರಮಾಣಪತ್ರ, ಕಿಟ್ ಅಥವಾ ಎಂಜಿನ್ ಖರೀದಿಯ ರಸೀದಿ ಮತ್ತು ಕಿಟ್ಟಿನ ಅನುಮೋದನಾ ಪತ್ರ ಮುಖ್ಯ ದಾಖಲೆಗಳು. ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆಯನ್ನೂ ಪಡೆದಿರಬೇಕು. ಅನುಮೋದನೆಯಿಲ್ಲದೆ ಮಾರ್ಪಾಡಾಗಿದ್ದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದು ಕಲಂ 52 ಹೇಳುತ್ತದೆ. ವರದಿ ಮಾಡಿದ ಮಾತ್ರಕ್ಕೆ ನಿಷಿದ್ಧ ಮಾರ್ಪಾಡು ಸಕ್ರಮವಾಗುವುದಿಲ್ಲ.

ತಪಾಸಣೆ

ಖಾಸಗಿ ವಾಹನದ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಬಳಿಕ ಪ್ರತಿ ಬಾರಿ 5 ವರ್ಷಕ್ಕೆ ನವೀಕರಿಸಬೇಕು. ಹಳೆಯ ಜೀಪುಗಳ ಮಾರ್ಪಾಡು ಹೆಚ್ಚಾಗಿ ಬೆಳಕಿಗೆ ಬರುವುದು ಈ ಹಂತದಲ್ಲಿಯೇ. ಮೋಟಾರು ವಾಹನ ನಿರೀಕ್ಷಕರು ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ದಾಖಲೆಯೊಡನೆ ತಾಳೆ ನೋಡುತ್ತಾರೆ; ಬಾಡಿಯ ಮಾದರಿ, ಆಸನಗಳ ಸಂಖ್ಯೆ, ಇಂಧನ, ಬಣ್ಣಗಳನ್ನು ಪರಿಶೀಲಿಸುತ್ತಾರೆ; ಬ್ರೇಕ್, ಸ್ಟೀರಿಂಗ್, ದೀಪ, ಟೈರುಗಳ ಸ್ಥಿತಿಯನ್ನು ಗಮನಿಸುತ್ತಾರೆ. 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಲಘು ವಾಹನದ ನೋಂದಣಿ ನವೀಕರಣ ಶುಲ್ಕವನ್ನು 5,000 ರೂಪಾಯಿಗೆ ಏರಿಸಲಾಯಿತು.

ಬಾಡಿಗೆಗೆ ಓಡುವ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ (ಎಫ್.ಸಿ.) ಕಡ್ಡಾಯ. 8 ವರ್ಷದವರೆಗಿನ ವಾಹನಕ್ಕೆ 2 ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯ ವಾಹನಕ್ಕೆ ಪ್ರತಿವರ್ಷ ಅದನ್ನು ನವೀಕರಿಸಬೇಕು. ಕೊಡಗಿನ ಮಾಂದಲಪಟ್ಟಿಯಂಥ ಪ್ರವಾಸಿ ತಾಣಗಳಿಗೆ ಜನರನ್ನು ಹಣ ಪಡೆದು ಕರೆದೊಯ್ಯುವ ಜೀಪುಗಳಿಗೂ ಇದೇ ನಿಯಮ. ಬಿಳಿ ಫಲಕದ ಖಾಸಗಿ ಜೀಪನ್ನು ಬಾಡಿಗೆಗೆ ಓಡಿಸಿದರೆ, ಮಾರ್ಪಾಡಿನ ಪ್ರಶ್ನೆಯ ಹೊರತಾಗಿಯೂ, ಪರವಾನಗಿಗೆ ಸಂಬಂಧಿಸಿದ ಕಲಂ 66ರ ಉಲ್ಲಂಘನೆಯಾಗುತ್ತದೆ.

ಸೇನೆಯ ಹರಾಜಿನ ವಾಹನಗಳು ಮತ್ತು ವಿಂಟೇಜ್ ನೋಂದಣಿ

ಸೇನೆಯಿಂದ ವಿಲೇವಾರಿಯಾದ ಜೀಪು, ಜೊಂಗಾ, ಜಿಪ್ಸಿಗಳಿಗೆ ಹವ್ಯಾಸಿಗಳಲ್ಲಿ ಬೇಡಿಕೆಯಿದೆ. ಇವನ್ನು ನಾಗರಿಕ ಬಳಕೆಗೆ ನೋಂದಾಯಿಸಲು ನಿಯಮ 47ರಂತೆ ಸಂಬಂಧಪಟ್ಟ ಸೇನಾ ಪ್ರಾಧಿಕಾರದ ಮೂಲ ಮಾರಾಟ ಪ್ರಮಾಣಪತ್ರ (ನಮೂನೆ 21) ಅಗತ್ಯ. ಹರಾಜಿನಲ್ಲಿ ಕೊಂಡವರಿಂದ ಹಲವು ಕೈ ದಾಟಿ ಬಂದ ವಾಹನಕ್ಕೆ ಈ ಪತ್ರವಿಲ್ಲದಿದ್ದರೆ ನೋಂದಣಿಗೆ ದಾರಿಯಿಲ್ಲ. ಗುಜರಿಗೆ ಹೋದ ಇನ್ನೊಂದು ಜೀಪಿನ ಆರ್.ಸಿ.ಯನ್ನು ಇದಕ್ಕೆ ಜೋಡಿಸುವುದು ವಂಚನೆ ಮತ್ತು ಸುಳ್ಳು ದಾಖಲೆಯ ಅಪರಾಧವಾಗುತ್ತದೆ.

2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳು ಬಂದವು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇವು ಅನ್ವಯ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿ.ಎ.' ಅಕ್ಷರಗಳಿರುತ್ತವೆ. ಆದರೆ ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗಿದ್ದರೆ ಈ ಮನ್ನಣೆ ದೊರೆಯದು. ಅರ್ಧಶತಮಾನ ಹಳೆಯದಾದ ತೋಟದ ಜೀಪಿಗೆ ಹೊಸ ಡೀಸೆಲ್ ಎಂಜಿನ್ ಕೂರಿಸಿದ್ದರೆ, ವಯಸ್ಸಿದ್ದರೂ ಅದು ಈ ವರ್ಗದಿಂದ ಹೊರಗುಳಿಯುತ್ತದೆ.

ದಂಡ ಮತ್ತು ಮೇಲ್ಮನವಿ

2019ರ ತಿದ್ದುಪಡಿ ಸೇರಿಸಿದ ಕಲಂ 182ಎ ಪ್ರಕಾರ, ಕಾಯ್ದೆ ಅನುಮತಿಸದ ರೀತಿಯಲ್ಲಿ ವಾಹನ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡವನ್ನು ವಾಹನಕ್ಕಲ್ಲದೆ ಮಾರ್ಪಾಡಿಗೆ ಲೆಕ್ಕ ಹಾಕಲಾಗುತ್ತದೆ ಎಂಬುದು ಗಮನಾರ್ಹ. ನಿಯಮಬಾಹಿರವಾಗಿ ವಾಹನ ಮಾರ್ಪಡಿಸಿ ಮಾರುವ ತಯಾರಕರು ಮತ್ತು ವ್ಯಾಪಾರಿಗಳಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ಶಬ್ದ, ಹೊಗೆ ಮತ್ತು ರಸ್ತೆ ಸುರಕ್ಷತೆಯ ಮಾನದಂಡ ಮೀರಿದರೆ ಕಲಂ 190 ಅನ್ವಯಿಸುತ್ತದೆ.

ವಾಹನವು ಸಾರ್ವಜನಿಕರಿಗೆ ಅಪಾಯಕಾರಿ ಎಂದು ಕಂಡುಬಂದರೆ ಕಲಂ 53ರಂತೆ ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಅದಕ್ಕೆ ಮುನ್ನ ಮಾಲೀಕನ ಅಹವಾಲು ಕೇಳಬೇಕು. ಮಾರ್ಪಾಡಿಗೆ ಅನುಮತಿ ನಿರಾಕರಿಸಿದ ಅಥವಾ ನೋಂದಣಿ ಅಮಾನತುಗೊಳಿಸಿದ ಆದೇಶದ ವಿರುದ್ಧ ಕಲಂ 57ರಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ವಿಮೆ

ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆಯನ್ನು ಕಲಂ 146 ಕಡ್ಡಾಯಗೊಳಿಸಿದೆ. ಮಾರ್ಪಾಡನ್ನು ತಿಳಿಸದೆ ವಿಮೆ ಮಾಡಿಸಿದ್ದರೆ ಸ್ವಂತ ವಾಹನದ ಹಾನಿಗೆ ಪರಿಹಾರ ನಿರಾಕರಣೆಯಾಗುವ ಸಾಧ್ಯತೆಯಿದೆ. ಮಹತ್ವದ ಸಂಗತಿಯನ್ನು ಮರೆಮಾಚಿ ವಿಮೆ ಪಡೆಯಲಾಗಿದೆ ಎಂಬ ವಾದವನ್ನು ಮೂರನೆಯ ವ್ಯಕ್ತಿಯ ಪರಿಹಾರದ ಪ್ರಕರಣದಲ್ಲಿಯೂ ವಿಮಾ ಕಂಪನಿ ಎತ್ತಲು ಕಲಂ 150 ಅವಕಾಶ ಕೊಡುತ್ತದೆ. ಆಗ ಗಾಯಾಳು ಅಥವಾ ಮೃತರ ಕುಟುಂಬ ನ್ಯಾಯಮಂಡಳಿಯಲ್ಲಿ ಹೆಚ್ಚು ಕಾಲ ಕಾಯಬೇಕಾಗಬಹುದು. ಪರಿಹಾರದ ಹೊರೆ ಕೊನೆಗೆ ಮಾಲೀಕನ ಮೇಲೆಯೇ ಬೀಳಬಹುದು.

ಚಂದಾಪುರ ಮತ್ತು ಸುತ್ತಲಿನ ಪ್ರದೇಶ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನ ಚಂದಾಪುರವು ಹೊಸೂರು ರಸ್ತೆಯ, ಅಂದರೆ ರಾಷ್ಟ್ರೀಯ ಹೆದ್ದಾರಿ 44ರ ಮೇಲಿದೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳು ಇದರ ಸುತ್ತಲಿವೆ. ಎಲೆಕ್ಟ್ರಾನಿಕ್ ಸಿಟಿ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-51. ಲೋಹ ಕತ್ತರಿಸುವ, ಬಾಗಿಸುವ, ಬೆಸೆಯುವ ಕೌಶಲ ಈ ಪ್ರದೇಶದಲ್ಲಿ ಹೇರಳವಾಗಿದೆ. ಬಂಪರನ್ನೋ ರೋಲ್ ಕೇಜನ್ನೋ ತಯಾರಿಸುವುದು ಇಲ್ಲಿನ ವರ್ಕ್‌ಶಾಪುಗಳಿಗೆ ಕಷ್ಟದ ಕೆಲಸವಲ್ಲ. ಆದರೆ ತಯಾರಿಸುವ ಸಾಮರ್ಥ್ಯವೂ ರಸ್ತೆಗಿಳಿಸುವ ಅನುಮತಿಯೂ ಬೇರೆ ಬೇರೆ.

ಇಲ್ಲಿನ ರಸ್ತೆಗಳಲ್ಲಿ ಪಾಳಿ ಮುಗಿಸಿ ನಡೆದು ಹೋಗುವ ಕಾರ್ಮಿಕರು, ದ್ವಿಚಕ್ರ ವಾಹನಗಳು, ಕಂಪನಿ ಬಸ್ಸುಗಳು, ಭಾರಿ ಲಾರಿಗಳು ಒಟ್ಟಿಗೆ ಸಾಗುತ್ತವೆ. ಎತ್ತರಿಸಿದ ಜೀಪಿನ ಮುಂಭಾಗ ದ್ವಿಚಕ್ರ ಸವಾರನ ಎದೆಯ ಮಟ್ಟಕ್ಕೆ ಬರಬಹುದು ಎಂಬುದನ್ನು ನೆನೆದರೆ ನಿರ್ಬಂಧದ ಅರ್ಥ ಸ್ಪಷ್ಟವಾಗುತ್ತದೆ. ಅತ್ತಿಬೆಲೆ ದಾಟಿದರೆ ತಮಿಳುನಾಡು ಆರಂಭವಾಗುತ್ತದೆ. ಆರ್.ಸಿ. ದೇಶದಾದ್ಯಂತ ಮಾನ್ಯವಾಗಿರುವಂತೆಯೇ ಅದರೊಡನೆ ತಾಳೆಯಾಗದ ವಾಹನದ ಮೇಲೆ ಯಾವ ರಾಜ್ಯದ ಅಧಿಕಾರಿಯೂ ಕ್ರಮ ಕೈಗೊಳ್ಳಬಹುದು. ಹೊರರಾಜ್ಯದ ವಾಹನ ಕೊಂಡು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇರಿಸಿಕೊಳ್ಳುವವರು ಕಲಂ 47ರಂತೆ ಕರ್ನಾಟಕದ ಸಂಖ್ಯೆ ಪಡೆಯಬೇಕು. ಆಗಲೂ ತಪಾಸಣೆ ನಡೆಯುತ್ತದೆ.

ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯೊಂದಿಗೆ, ಮುಚ್ಚಿದ ಆವರಣದಲ್ಲಿ ಸ್ಪರ್ಧೆಗಳು ನಡೆಯುವುದುಂಟು. ರಸ್ತೆಗೆ ಯೋಗ್ಯವಲ್ಲದ ಸ್ಪರ್ಧಾ ವಾಹನವನ್ನು ಅಲ್ಲಿಗೆ ಓಡಿಸಿಕೊಂಡು ಹೋಗದೆ ಲಾರಿಯ ಮೇಲೆ ಹೇರಿಕೊಂಡು ಸಾಗಿಸುವುದು ಸರಿಯಾದ ಕ್ರಮ.

ಇತರ ದೇಶಗಳಲ್ಲಿ

ಕೆಲವು ದೇಶಗಳು ಒಂದೊಂದೇ ಮಾರ್ಪಡಿಸಿದ ವಾಹನವನ್ನು ಪರೀಕ್ಷಿಸಿ ಒಪ್ಪುವ ವ್ಯವಸ್ಥೆಯನ್ನು ಹೊಂದಿವೆ. ಜರ್ಮನಿಯಲ್ಲಿ ಮಾನ್ಯತೆ ಪಡೆದ ತಾಂತ್ರಿಕ ತಪಾಸಕರು ಮಾರ್ಪಾಡನ್ನು ಪರೀಕ್ಷಿಸಿ ವಾಹನದ ದಾಖಲೆಯಲ್ಲಿ ನಮೂದಿಸಲು ಪ್ರಮಾಣೀಕರಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಲಘು ವಾಹನಗಳ ಮಾರ್ಪಾಡಿಗೆ ವಿ.ಎಸ್.ಬಿ. 14 ಎಂಬ ರಾಷ್ಟ್ರೀಯ ಸಂಹಿತೆಯಿದೆ. ಬ್ರಿಟನ್ನಿನಲ್ಲಿ ಬಹುಕಾಲ ಅಂಕಪದ್ಧತಿ ಬಳಕೆಯಲ್ಲಿತ್ತು: ಮೂಲ ಚಾಸಿಸ್ಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್ ವ್ಯವಸ್ಥೆ, ಸ್ಟೀರಿಂಗ್‌ಗಳಿಗೆ ತಲಾ 2, ಎಂಜಿನ್ನಿಗೆ 1 ಅಂಕ. ಕನಿಷ್ಠ 8 ಅಂಕ ಬಂದರೆ ಮಾತ್ರ ವಾಹನ ತನ್ನ ಹಳೆಯ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳುತ್ತಿತ್ತು.

ಚರ್ಚೆ

ಭಾರತದಲ್ಲಿಯೂ ಇಂಥ ಪ್ರಮಾಣೀಕರಣ ಬೇಕೆಂಬುದು ಹವ್ಯಾಸಿಗಳ ವಾದ. ಒಳ್ಳೆಯ ಗುಣಮಟ್ಟದ ವಿಂಚನ್ನೂ ಅಪಾಯಕಾರಿ ಬೆಸುಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಜವಾಬ್ದಾರಿಯುತ ಮಾಲೀಕರಿಗೆ ಸಕ್ರಮ ಮಾರ್ಗವಿಲ್ಲದಂತಾಗಿದೆ ಎಂದು ಅವರು ಹೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದಂಥ ಭೂಕುಸಿತಗಳಲ್ಲಿ ರಸ್ತೆಗಳೇ ಕಡಿದುಹೋದಾಗ ಇಂಥ ವಾಹನಗಳ ಉಪಯುಕ್ತತೆ ತಿಳಿಯುತ್ತದೆ ಎಂಬುದು ಇನ್ನೊಂದು ವಾದ. ಪ್ರತಿ ವಾಹನವನ್ನೂ ಬಿಡಿಯಾಗಿ ಪರೀಕ್ಷಿಸಲು ತಜ್ಞರೂ ಉಪಕರಣಗಳೂ ಬೇಕು. ಅವಿಲ್ಲದೆ ಅನುಮತಿಯ ಬಾಗಿಲು ತೆರೆದರೆ ಕಾಗದದ ತಪಾಸಣೆ ಮಾತ್ರ ಉಳಿದೀತು ಎಂಬುದು ಇದಕ್ಕೆ ಎದುರಾದ ಆತಂಕ. 2019ರ ತಿದ್ದುಪಡಿಯು ಮಾನದಂಡ ರೂಪಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿರುವುದರಿಂದ ಕಾಯ್ದೆಯ ಚೌಕಟ್ಟಿನೊಳಗೇ ಮಧ್ಯಮಾರ್ಗಕ್ಕೆ ಅವಕಾಶವಿದೆ.

ಹಳೆಯ ವಾಹನ ಕೊಳ್ಳುವವರಿಗೆ

ಮಾರ್ಪಡಿಸಿದ ಜೀಪನ್ನು ಕೊಂಡವನು ಹಿಂದಿನ ಮಾಲೀಕನ ಮಾರ್ಪಾಡಿನ ತೊಡಕನ್ನೂ ಜೊತೆಗೇ ಕೊಳ್ಳುತ್ತಾನೆ. ಮುಂಗಡ ಕೊಡುವ ಮುನ್ನ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಖುದ್ದಾಗಿ ಆರ್.ಸಿ.ಯೊಡನೆ ತಾಳೆ ನೋಡಬೇಕು. ಸಂಖ್ಯೆಯ ಸುತ್ತ ಹೊಸ ಬೆಸುಗೆ ಅಥವಾ ಉಜ್ಜಿದ ಗುರುತಿದ್ದರೆ ಹಿಂದೆ ಸರಿಯುವುದು ಲೇಸು. ಇಂಧನ, ಆಸನಗಳ ಸಂಖ್ಯೆ, ಬಾಡಿಯ ಮಾದರಿ, ಬಣ್ಣ, ನೋಂದಣಿಯ ಅಂತಿಮ ದಿನಾಂಕ, ಬಾಕಿ ತೆರಿಗೆ, ಸಾಲದ ನಮೂದು ಇವುಗಳನ್ನು ವಾಹನ್ ಜಾಲತಾಣದಲ್ಲಿ ಪರಿಶೀಲಿಸಬಹುದು. ತೆಗೆದಿಟ್ಟ ಮೂಲ ಬಂಪರು, ಸೈಲೆನ್ಸರ್, ಚಕ್ರಗಳನ್ನು ಮಾರುವವರಿಂದ ಕೇಳಿ ಪಡೆಯುವುದು ಉಪಯುಕ್ತ. ನವೀಕರಣದ ವೇಳೆ ವಾಹನವನ್ನು ಮೂಲ ಸ್ಥಿತಿಗೆ ತರಲು ಅವು ಬೇಕಾಗುತ್ತವೆ.